ಅಮೆರಿಕದ 40 ಡಾಲರ್ ಪ್ರಿಪೇಯ್ಡ್ ಫೋನ್ ತರಿಸಿದರೆ ಊರಲ್ಲಿ ನಮ್ಮ ಸಿಮ್ ನಡೆಯುತ್ತಾ?

ಚಿಕ್ಕಮಗಳೂರು_ಫಿಲ್ಟರ್

ಅಮೆರಿಕದಿಂದ ಬರುವ ನೆಂಟರು ಅಲ್ಲಿನ ದೊಡ್ಡ ಅಂಗಡಿಗಳಲ್ಲಿ 40–50 ಡಾಲರಿಗೆ ಸಿಗುವ ಪ್ರಿಪೇಯ್ಡ್ ಫೋನ್ ತರ್ತೀವಿ ಅಂತಿದ್ದಾರೆ. ಮೋಟೊ, ಇಲ್ಲಾಂದ್ರೆ ಸ್ಯಾಮ್‌ಸಂಗ್ ಎ ಸರಣಿ. ಬಳಸೋರು ಅಪ್ಪ. ಒಂದು ಜಿಯೊ ಸಿಮ್, ಒಂದು ಬಿಎಸ್‌ಎನ್‌ಎಲ್ ಸಿಮ್, ವಾಟ್ಸಾಪ್, ಫೋನ್‌ಪೇ. ಇಷ್ಟೇ ಬೇಕಿರೋದು.

ಡಬ್ಬದ ಮೇಲೆ ಅಲ್ಲಿನ ನೆಟ್‌ವರ್ಕ್ ಕಂಪನಿ ಹೆಸರು ಇರುತ್ತಂತೆ. ಲಾಕ್ ಇದ್ದರೆ ಇಲ್ಲಿ ಯಾವುದಾದರೂ ಅಂಗಡಿಯಲ್ಲಿ ತೆಗೆಸಬಹುದಾ? ಅಥವಾ ಅದೇ ದುಡ್ಡಿಗೆ ಇಲ್ಲೇ ಏನಾದರೂ ನೋಡೋದು ಒಳ್ಳೇದಾ?

ಡಲ್ಲಾಸ್_ದೋಸೆ

ಆ 40 ಡಾಲರ್ ಫೋನಿನ ನಿಜವಾದ ಬೆಲೆ ಅಲ್ಲ. ಕಂಪನಿ ತನ್ನ ಕೈಯಿಂದ ದುಡ್ಡು ಹಾಕಿ ಬೆಲೆ ಇಳಿಸಿರುತ್ತೆ, ಅದನ್ನ ತಿಂಗಳ ಪ್ಲಾನಿನಲ್ಲಿ ವಸೂಲು ಮಾಡಿಕೊಳ್ಳುತ್ತೆ. ವಸೂಲಾಗೋವರೆಗೆ ಬೇರೆ ಕಂಪನಿ ಸಿಮ್ ಹಿಡಿಯಬಾರದು ಅಂತಲೇ ಬೀಗ. ಕೊಂಡು, ಡಬ್ಬ ಒಡೆಯದೆ ಸೂಟ್‌ಕೇಸಿಗೆ ಹಾಕಿಕೊಂಡು ಬಂದರೆ ಆ ಬೀಗ ಎಂದೂ ತೆಗೆಯಲ್ಲ. ಕಾರಣ, ದಿನದ ಲೆಕ್ಕ ಶುರುವಾಗೋದೇ ಅಲ್ಲಿನ ಸಿಮ್ ಹಾಕಿ ಆಕ್ಟಿವೇಟ್ ಮಾಡಿದ ಮೇಲೆ.

ಒಂದೊಂದು ಕಂಪನಿಗೆ ಒಂದೊಂದು ಷರತ್ತು. ಎಟಿ ಅಂಡ್ ಟಿ ಪ್ರಿಪೇಯ್ಡ್‌ನಲ್ಲಿ 6 ತಿಂಗಳು ದುಡ್ಡು ಕಟ್ಟಿ ಬಳಸಿರಬೇಕು. ಪೋಸ್ಟ್‌ಪೇಯ್ಡ್ ಆದರೆ 60 ದಿನ, ಮೇಲಾಗಿ ಫೋನಿನ ಕಂತು ಪೂರ್ತಿ ತೀರಿರಬೇಕು. ಟಿ-ಮೊಬೈಲ್ ಪೋಸ್ಟ್‌ಪೇಯ್ಡ್‌ಗೆ 40 ದಿನ ಮತ್ತು ಕಂತು ಚುಕ್ತಾ. ಪ್ರಿಪೇಯ್ಡ್‌ಗೆ 365 ದಿನ, ಅದಕ್ಕೆ ಮುಂಚೆ ಬೇಕಂದ್ರೆ ಆ ಲೈನಿನಲ್ಲಿ 100 ಡಾಲರಿಗಿಂತ ಹೆಚ್ಚು ರೀಚಾರ್ಜ್ ಆಗಿರಬೇಕು. ವೆರೈಝನ್ ಬಗ್ಗೆ "60 ದಿನಕ್ಕೆ ತಾನಾಗೇ ತೆಗೆಯುತ್ತೆ" ಅನ್ನೋ ಮಾತು ಇನ್ನೂ ಎಲ್ಲಾ ಕಡೆ ಓಡಾಡ್ತಿದೆ. ಅದರ ಮೂಲ 2008ರ 700 ಮೆಗಾಹರ್ಟ್ಸ್ ತರಂಗಾಂತರ ಹರಾಜಿನ ಷರತ್ತು. 2019ರಲ್ಲಿ ಕಂಪನಿಗೆ 60 ದಿನ ಬೀಗ ಹಾಕಿಡೋಕೆ ಅನುಮತಿ ಸಿಕ್ಕಿತು, 2025ರಲ್ಲಿ ಆ ಮಿತಿಯನ್ನೇ ತೆಗೆಯಿರಿ ಅಂತ ಅಲ್ಲಿನ ಟೆಲಿಕಾಂ ನಿಯಂತ್ರಕ ಎಫ್‌ಸಿಸಿಗೆ ಅರ್ಜಿ ಹಾಕಿತು. ಹಾಗಾಗಿ 60 ದಿನದ ಭರವಸೆ ಮೇಲೆ ಈಗ ಯಾರೂ ಫೋನ್ ಕೊಳ್ಳಬೇಡಿ. ಕೊಳ್ಳುವ ದಿನ ಆ ಬ್ರ್ಯಾಂಡಿನ ಅನ್‌ಲಾಕ್ ಪುಟ ತೆಗೆದು ಓದಿ. ಒಂದೇ ಮಾಲೀಕರ ಕೈಕೆಳಗಿನ ಪ್ರಿಪೇಯ್ಡ್ ಬ್ರ್ಯಾಂಡ್‌ಗಳಿಗೂ ಷರತ್ತು ಬೇರೆ ಬೇರೆ ಇರುತ್ತೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 30 ಡಾಲರ್ ಪ್ಲಾನ್ ಅಂತ ಹಿಡಿದರೆ 6 ತಿಂಗಳಿಗೆ 180, ಫೋನಿಗೆ 40, ಒಟ್ಟು 220. ಆ ದುಡ್ಡಿಗೆ ಅಲ್ಲೇ ಬೀಗ ಇಲ್ಲದ ಫೋನ್ ಬರುತ್ತೆ. ನೆಂಟರು ಹೇಗೂ ಆ ಕಂಪನಿಯ ಪ್ಲಾನನ್ನೇ ಬಳಸ್ತಿದ್ದು, ಆರು ತಿಂಗಳು ಆ ಫೋನನ್ನ ತಾವೇ ಓಡಿಸಿ ಆಮೇಲೆ ಕೊಡೋದಾದರೆ ಮಾತು ಬೇರೆ.

ಅವಧಿ ಮುಗಿದ ಮೇಲೆ ಮಾಡಬೇಕಾದ್ದು: *#06# ಒತ್ತಿ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರೆದುಕೊಳ್ಳೋದು, ಕಂಪನಿಯ ಅನ್‌ಲಾಕ್ ಪುಟದಲ್ಲಿ ಅದನ್ನ ಹಾಕೋದು. ಎಟಿ ಅಂಡ್ ಟಿಯಲ್ಲಿ ಅರ್ಜಿ ಹಾಕಿದ ಮೇಲೆ ಒಂದು ಇಮೇಲ್ ಬರುತ್ತೆ, ಅದರೊಳಗಿನ ಲಿಂಕನ್ನ 24 ಗಂಟೆಯೊಳಗೆ ಒತ್ತದಿದ್ದರೆ ಅರ್ಜಿ ಬಿದ್ದುಹೋಗುತ್ತೆ. ಎಷ್ಟೋ ಜನ ಇಲ್ಲೇ ಎಡವೋದು, ಮೇಲ್ ಸ್ಪ್ಯಾಮಿನಲ್ಲಿ ಕೂತಿರುತ್ತೆ. ಟಿ-ಮೊಬೈಲ್ ಆಂಡ್ರಾಯ್ಡ್ ಫೋನುಗಳಲ್ಲಿ ಅನ್‌ಲಾಕ್ ಫೋನಿನೊಳಗೇ ಇರುತ್ತೆ, ಕೆಲವದರಲ್ಲಿ ಬೇರೆ ಆ್ಯಪ್, ಕೆಲವದರಲ್ಲಿ ಸೆಟ್ಟಿಂಗ್ಸಿನ ನೆಟ್‌ವರ್ಕ್ ವಿಭಾಗದಲ್ಲಿ. ಟೆಂಪರರಿ, ಪರ್ಮನೆಂಟ್ ಅಂತ ಎರಡು ಬಟನ್ ಕಂಡರೆ ಪರ್ಮನೆಂಟ್ ಒತ್ತಿ.

ಎಲ್ಲಾ ಆದಮೇಲೆ ವಿಮಾನ ಹತ್ತುವ ಮುಂಚೆ ಬೇರೆ ಕಂಪನಿಯ ಯಾವುದಾದರೂ ಸಿಮ್ ಹಾಕಿ ಒಂದು ಕಾಲ್ ಮಾಡಿ ನೋಡಿ. ಇಲ್ಲಿಗೆ ಬಂದಮೇಲೆ ಗೊತ್ತಾದರೆ ಮಾಡೋಕೆ ಏನೂ ಉಳಿದಿರಲ್ಲ.

ಚಿಕ್ಕಮಗಳೂರು_ಫಿಲ್ಟರ್

ತುಂಬಾ ಥ್ಯಾಂಕ್ಸ್ ಸರ್. ಇನ್ನೊಬ್ಬ ನೆಂಟರು ಟೊರಾಂಟೊದಲ್ಲಿದ್ದಾರೆ. ಅಲ್ಲೂ ಇದೇ ಕಥೆಯಾ?

ಡಲ್ಲಾಸ್_ದೋಸೆ

ಇಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನನ್ನ ಬೀಗ ಇಲ್ಲದೆಯೇ ಮಾರಬೇಕು, ಹಳೇದಕ್ಕೆ ಕೇಳಿದರೆ ಪುಕ್ಕಟೆ ತೆಗೆದುಕೊಡಬೇಕು. ಇಂಗ್ಲೆಂಡಿನಲ್ಲಿ 2021ರ ಡಿಸೆಂಬರಿನಿಂದ, ಜಪಾನಿನಲ್ಲಿ 2021ರ ಅಕ್ಟೋಬರಿನಿಂದ ಬೀಗ ಹಾಕಿ ಮಾರೋದು ನಿಂತಿದೆ. ಅಮೆರಿಕದಲ್ಲಿ 2014ರಲ್ಲಿ ಒಂದು ಕಾನೂನು ಬಂತು. ಗ್ರಾಹಕ ಬೀಗ ತೆಗೆಸಿಕೊಂಡರೆ ಅಪರಾಧ ಅಲ್ಲ ಅಂತಷ್ಟೇ ಅದು ಹೇಳೋದು. ಕೇಳಿದ ಕೂಡಲೇ ತೆಗೆದುಕೊಡಿ ಅಂತ ಕಂಪನಿಗೆ ಹೇಳಲ್ಲ.

ತರಂಗ_ತಿಮ್ಮ

ಬೀಗದ ಮಾತು ಸರಿ. ಆದರೆ ಅದಕ್ಕಿಂತ ದೊಡ್ಡ ತೊಡಕು ಬ್ಯಾಂಡ್, ಅಂದ್ರೆ ಟವರೂ ಫೋನೂ ಬಳಸುವ ತರಂಗಾಂತರದ ಪಟ್ಟಿ. ಬೀಗ ತೆಗೆದ ಫೋನೂ ಊರಲ್ಲಿ ಅರ್ಧಂಬರ್ಧ ನಡೆಯಬಹುದು.

ನಮ್ಮಲ್ಲಿ ಜಿಯೊ 4ಜಿ ಓಡೋದು ಬ್ಯಾಂಡ್ 5, 3 ಮತ್ತು 40ರ ಮೇಲೆ. ಏರ್‌ಟೆಲ್ 1, 3, 8, 40. ಬಿಎಸ್‌ಎನ್‌ಎಲ್‌ನ ಹೊಸ 4ಜಿ ಮುಖ್ಯವಾಗಿ 28 ಮತ್ತು 1. ಅಮೆರಿಕದ ಪ್ರಿಪೇಯ್ಡ್ ಫೋನಿಗೆ ಬೇಕಿರೋದು 2, 4, 12, 13, 66, 71 ಇಂಥವು. ಕಡಿಮೆ ಬೆಲೆಯ ಮಾದರಿಗಳಲ್ಲಿ ಅಷ್ಟಕ್ಕೇ ನಿಲ್ಲಿಸಿ ಉಳಿದದ್ದನ್ನ ಕತ್ತರಿಸಿರ್ತಾರೆ. ಬ್ಯಾಂಡ್ 5 ಎರಡೂ ಕಡೆ ಇರೋದರಿಂದ ಜಿಯೊ ಸಿಮ್ ಹಾಕಿದ ಕೂಡಲೇ ಕಡ್ಡಿ ಕಾಣಿಸುತ್ತೆ, ಎಲ್ಲಾ ಸರಿಯಿದೆ ಅನ್ಸುತ್ತೆ. ಆಮೇಲೆ 40 ಇಲ್ಲದ ಕಾರಣ ಸಂಜೆ ಹೊತ್ತು ಪೇಟೆಯಲ್ಲಿ ವಿಡಿಯೊ ಸುತ್ತುತ್ತಾ ಕೂರುತ್ತೆ. ಮಲೆನಾಡಿನಲ್ಲಿ ಬಿಎಸ್‌ಎನ್‌ಎಲ್ ನಂಬಿಕೊಂಡವರಿಗೆ 28 ಇಲ್ಲದ ಫೋನ್ ತಗೊಂಡು ಪ್ರಯೋಜನ ಇಲ್ಲ. ಅಮೆರಿಕದ 12, 13, 17 ಕೂಡ 700 ಮೆಗಾಹರ್ಟ್ಸ್ ಸುತ್ತಮುತ್ತಲೇ ಇವೆ ನಿಜ, ಆದರೆ ಅವು 28ರ ಬದಲಿಗೆ ಬರಲ್ಲ.

ಎರಡನೇದು ವೋಲ್ಟಿ, ಅಂದ್ರೆ ಮಾಮೂಲಿ ಕಾಲ್ 4ಜಿ ಮೇಲೇ ಹೋಗುವ ವ್ಯವಸ್ಥೆ. ಜಿಯೊಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಕಾಲ್ ಹೋಗಬೇಕಂದ್ರೆ ವೋಲ್ಟಿ ಬೇಕೇ ಬೇಕು. ಫೋನಿನ ಸಾಫ್ಟ್‌ವೇರಿನಲ್ಲಿ ಜಿಯೊದ ಪ್ರೊಫೈಲ್ ಇಲ್ಲದಿದ್ದರೆ ಡೇಟಾ ಓಡುತ್ತೆ, ಕಾಲ್ ಹೋಗಲ್ಲ. ಅಮೆರಿಕದ ಒಂದೇ ಕಂಪನಿಗೆ ಅಂತ ಮಾಡಿದ ಫೋನುಗಳಲ್ಲಿ ಈ ಕಾಟ ಇದೆ. ಏರ್‌ಟೆಲ್, ಬಿಎಸ್‌ಎನ್‌ಎಲ್ ಆದರೆ 2ಜಿಗೆ ಇಳಿದು ಕಾಲ್ ಹೇಗೋ ಆಗುತ್ತೆ.

ಮೂರನೇದು, ನಿಮ್ಮ ಅಪ್ಪನವರಿಗೆ ಎರಡು ಸಿಮ್ ಇದೆ. ಅಮೆರಿಕದ ಕಂಪನಿ ಫೋನುಗಳಲ್ಲಿ ಸಾಮಾನ್ಯವಾಗಿ ಒಂದೇ ಸಿಮ್ ಜಾಗ. ಇದೊಂದಕ್ಕೇ ನಾನಾದರೆ ಬೇಡ ಅಂತೀನಿ.

ಮಾದರಿ ನೋಡೋ ರೀತಿ: ಹೆಸರು ನೋಡಬೇಡಿ, ಮಾಡೆಲ್ ನಂಬರ್ ನೋಡಿ. ಒಂದೇ ಹೆಸರಿನ ಮೋಟೊ ಫೋನಿಗೆ ದೇಶಕ್ಕೊಂದು ಮಾಡೆಲ್ ನಂಬರ್ ಇರುತ್ತೆ, ಒಳಗಿನ ಬ್ಯಾಂಡೂ ಬೇರೆ. ಅಮೆರಿಕದ ಸ್ಯಾಮ್‌ಸಂಗ್‌ನಲ್ಲಿ ಮಾಡೆಲ್ ನಂಬರಿನ ಕೊನೆಗೆ ಬರೀ "ಯು" ಇದ್ದರೆ ಕಂಪನಿ ಫೋನ್, "ಯು1" ಇದ್ದರೆ ಬೀಗ ಇಲ್ಲದೆ ಮಾರಿದ್ದು. ಡಬ್ಬದ ಪಕ್ಕದ ಬಾರ್‌ಕೋಡ್ ಚೀಟಿಯಲ್ಲೇ ಬರೆದಿರುತ್ತೆ, ಅಂಗಡಿಯಲ್ಲಿ ನಿಂತು ಫೋಟೊ ತೆಗೆದು ಕಳಿಸೋಕೆ ಹೇಳಿ.

ಕೋಲಾರ_ಕ್ಲೌಡ್

ವೈಫೈ ಮೇಲೆ ಬಳಸಿದ್ರಾಯ್ತಲ್ಲ ಗುರು. ಹಳೇ ಕೀಪ್ಯಾಡ್ ಫೋನಲ್ಲಿ ಸಿಮ್ ಇರ್ಲಿ, ಇದರಲ್ಲಿ ವಾಟ್ಸಾಪ್.

ತರಂಗ_ತಿಮ್ಮ

ವಾಟ್ಸಾಪ್ ಆಗುತ್ತೆ. ಓಟಿಪಿ ಕೀಪ್ಯಾಡ್ ಫೋನಿಗೆ ಬಂದರೂ ಇದರಲ್ಲಿ ಹಾಕಬಹುದು. ಫೋನ್‌ಪೇ ಆಗಲ್ಲ. ಯುಪಿಐ ನೋಂದಣಿಗೆ ಎಸ್ಸೆಮ್ಮೆಸ್ ಬರೋದಲ್ಲ, ಆ್ಯಪ್ ಇರುವ ಫೋನಿನಿಂದಲೇ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದ ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ಸಿಮ್ ಹಿಡಿಯದ ಫೋನಿನಿಂದ ಅದು ಹೋಗೋದು ಹೇಗೆ? ಬೀಗ ಹಾಕಿದ ಫೋನ್ ಕೊಂಡವರು ಕೊನೆಗೆ ಸಿಕ್ಕಿಬೀಳೋದು ಇಲ್ಲೇ.

ಹುಬ್ಳಿ_ಹಾಟ್‌ಏರ್

ಅಂಗಡ್ಯಾಗ ತಗಸ್ಬಹುದೇನ್ರಿ ಅಂತ ಕೇಳೀರಲ್ಲ, ರಿಪೇರಿ ಮಾಡಾವ್ರ ಕಡಿಂದ ಉತ್ತರಾ: ಬಾಳ ಹಳೇ ಫೋನಿಗೆ ಹೌದು, ಈಗಿನವಕ್ಕ ಇಲ್ಲ ಅಂತನ ತಿಳ್ಕೊಳ್ರಿ.

ಫ್ಯಾಕ್ಟರಿ ರೀಸೆಟ್ ಹೊಡದ್ರ ಸಿಮ್ ಲಾಕ್ ಹೋಗೂದಿಲ್ಲ. ಅದು ಆಂಡ್ರಾಯ್ಡ್‌ನ್ಯಾಗ ಇರೂದಿಲ್ರಿ, ಮೋಡೆಮ್‌ದ (ಸಿಗ್ನಲ್ ಹಿಡಿಯೂ ಭಾಗದ) ಮೆಮೊರಿಯೊಳಗ ಬ್ಯಾರೇನ ಇರ್ತೈತಿ. ರೂಟ್ ಮಾಡ್ರಿ, ಬೂಟ್‌ಲೋಡರ್ ಬಿಚ್ರಿ, ಬ್ಯಾರೆ ದೇಶದ ಸಾಫ್ಟ್‌ವೇರ್ ಹಾಕ್ರಿ, ಅದು ಅಲ್ಲೇ ಕುಂತಿರ್ತೈತಿ. ಹಳೇ ಮೀಡಿಯಾಟೆಕ್ ಚಿಪ್ಪಿನ ಫೋನ್ ಯುಎಂಟಿ, ಝಡ್3ಎಕ್ಸ್, ಆಕ್ಟೋಪಸ್ ಇಂಥಾ ರಿಪೇರಿ ಬಾಕ್ಸಿಗೆ ಹಚ್ಚಿ ತಗೀತಿದ್ರು. ಈಗ ಸೆಕ್ಯೂರ್ ಬೂಟ್ (ಹೊರಗಿನ ಸಾಫ್ಟ್‌ವೇರ್ ತಡಿಯೂ ಭದ್ರತೆ) ಬಂದಮ್ಯಾಲೆ ಬಾಕ್ಸ್‌ದ ಆಟ ಬಾಳ ಕಡಿಮಿ ಆಗೈತಿ.

ಕೋಡ್ ಕೇಳೂ ಫೋನ್ ಇರ್ತಾವು. ಬ್ಯಾರೆ ಸಿಮ್ ಹಾಕಿದ ಕೂಡ್ಲೆ "ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್" ಅಂತ ತೋರಸ್ತೈತಿ. ಕಂಪನಿ ಕೊಟ್ಟ ಕೋಡ್ ಕೈಯಾಗ ಇದ್ರ ಮಾತ್ರ ಹೊಡೀರಿ. ಸುಮ್ನ ನಂಬರ್ ಹೊಡದು ನೋಡ್ಬ್ಯಾಡ್ರಿ. ಎಣಿಕಿ ಇರ್ತೈತಿ, ಫೋನಿನ ಮ್ಯಾಲೆ ಐದೋ ಹತ್ತೋ ಸಲ. ಅದು ಮುಗದ್ರ ಫೋನ್ ಫ್ರೀಜ್ ಆಗಿ ಖರೇ ಕೋಡೂ ತಗೊಳ್ಳೂದಿಲ್ಲ, ಆವಾಗ ಇನ್ನೊಂದು ಡಿಫ್ರೀಜ್ ಕೋಡ್ ಬೇಕು.

ಇಂಟರ್‌ನೆಟ್‌ನ್ಯಾಗ ಐಎಂಇಐ ಕೊಡ್ರಿ, ರೊಕ್ಕಾ ಹಾಕ್ರಿ, ಕೋಡ್ ಕಳಸ್ತೀವಿ ಅನ್ನೂ ಸೈಟ್ ಬಾಳ ಅದಾವು. ಕೋಡಿಂದ ತಗಿಯೂ ಫೋನ ಅಲ್ಲಾಂದ್ರ (ಆ್ಯಪಿಂದ, ಸರ್ವರಿಂದ ತಗಿಯೂವು) ಅವ್ರ ಕೋಡ್ ಕಳಿಸಿದ್ರೂ ಹೊಡಿಯಾಕ ಜಾಗಾನ ಇರೂದಿಲ್ಲ. ರೊಕ್ಕಾ ವಾಪಸ್ ಕೇಳಿದ್ರ "ಕೋಡ್ ಕಳಿಸೀವಲ್ಲ" ಅಂತಾರ.

ಇನ್ನ ಇಎಫ್‌ಎಸ್ (ಐಎಂಇಐ ಇರೂ ಭಾಗ) ಬ್ಯಾಕಪ್ ತಗೊಳ್ಳದ ಮೋಡೆಮ್‌ಗೆ ಕೈ ಹಚ್ಚೂ ಹುಡುಗ್ರು ಅದಾರ. ಅದು ಕೆಟ್ರ ಐಎಂಇಐ ಸೊನ್ನೆ ಸೊನ್ನೆ ತೋರಸ್ತೈತಿ, ಬೇಸ್‌ಬ್ಯಾಂಡ್ "ಅನ್‌ನೋನ್" ಆಗ್ತೈತಿ, ಅಲ್ಲಿಗೆ ಯಾವ ಸಿಮ್ಮೂ ನಡಿಯೂದಿಲ್ಲ. ಆಮ್ಯಾಲೆ "ಬ್ಯಾರೆ ಐಎಂಇಐ ಹಾಕಿಕೊಡ್ತೀನಿ" ಅಂದ್ರ ಅಲ್ಲಿಂದ ಎದ್ದು ಬರ್ರಿ. ಐಎಂಇಐ ತಿದ್ದೂದು ಅಪರಾಧ. 2023ರ ಟೆಲಿಕಾಂ ಕಾಯ್ದೆದಾಗ ಮೂರು ವರ್ಷದ ತನಕ ಜೈಲು, ಇಲ್ಲಾ 50 ಲಕ್ಷದ ತನಕ ದಂಡ, ಇಲ್ಲಾ ಎರಡೂ ಅಂತ ಐತಿ.

ಕುಡ್ಲ_ಕ್ರಾಸಿಂಗ್

ಗಲ್ಫಿನಿಂದ ಫೋನ್ ತರಿಸುವವರು ಇಲ್ಲಿ ತುಂಬ ಜನ ಉಂಟಲ್ಲ, ಅವರಿಗಾಗಿ ಒಂದು ಮಾತು. ದುಬೈಯಿಂದ ಬರುವ ಸ್ಯಾಮ್‌ಸಂಗ್ ಫೋನಿನಲ್ಲಿ ಇರುವುದು ಕಂಪನಿ ಲಾಕ್ ಅಲ್ಲ, ಪ್ರದೇಶದ ಲಾಕ್. ಡಬ್ಬದ ಮೇಲೆ ಚೀಟಿ ಇರ್ತದೆ, ಇಂಥಾ ಪ್ರದೇಶದ ಸಿಮ್ ಹಾಕಿಯೇ ಮೊದಲು ಚಾಲೂ ಮಾಡಬೇಕು ಅಂತ. ಹೊಸ ಫೋನಿಗೆ ಅಲ್ಲಿಯದ್ದೇ ಸಿಮ್ ಹಾಕಿ ಒಟ್ಟು 5 ನಿಮಿಷ ಮಾತಾಡಿದರೆ ಅದು ಹೋಗ್ತದೆ. ಮತ್ತೆ ಯಾವ ದೇಶದ ಸಿಮ್ ಆದರೂ ಆಗ್ತದೆ. ವಾಟ್ಸಾಪ್ ಕಾಲ್ ಲೆಕ್ಕಕ್ಕಿಲ್ಲ, ಸಿಮ್ಮಿನಿಂದ ಹೋದ ಮಾಮೂಲಿ ಕಾಲ್ ಆಗಬೇಕು.

ಗಿಫ್ಟ್ ಕೊಡುವ ಫೋನ್, ಡಬ್ಬ ಒಡೆದರೆ ಚಂದ ಕಾಣುದಿಲ್ಲ ಅಂತ ಹಾಗೇ ತರ್ತಾರೆ, ಇಲ್ಲಿ ಬಂದು ಸಿಮ್ ಹಿಡಿಯುದಿಲ್ಲ ಅಂತ ತಲೆಬಿಸಿ. ಅಲ್ಲಿಯೇ ಒಡೆದು ಐದು ನಿಮಿಷ ಮನೆಗೆ ಮಾತಾಡಿ ಬನ್ನಿ ಮಾರಾಯ್ರೆ.

ಗಲ್ಫ್ ಫೋನಿನಲ್ಲಿ ಬ್ಯಾಂಡಿನ ತೊಂದರೆ ಅಮೆರಿಕದಷ್ಟಿಲ್ಲ, 1, 3, 8, 40 ಸಾಮಾನ್ಯವಾಗಿ ಇರ್ತದೆ. ಎರಡು ಸಿಮ್ಮೂ ಇರ್ತದೆ. ವಾರಂಟಿ ಒಂದು ಮಾತ್ರ ಕೇಳಿಕೊಳ್ಳಿ, ಆಂಡ್ರಾಯ್ಡ್ ಕಂಪನಿಗಳು ಹೆಚ್ಚಿನವು ಕೊಂಡ ದೇಶದಲ್ಲಿ ಮಾತ್ರ ಕೊಡುವುದು.

ಜಯನಗರ_ಜಿಪಿಒ

ನಮ್ಮ ದೇಶದಲ್ಲೇ ಬೀಗ ಹಾಕಿ ಮಾರುವ ಫೋನುಗಳಿವೆ ಅನ್ನೋದನ್ನ ಯಾರೂ ಹೇಳಲಿಲ್ಲ.

ಇದು ಇಲ್ಲಿ ಹೊಸದೇನಲ್ಲ. 2003ರಲ್ಲಿ 501 ರೂಪಾಯಿಗೆ ರಿಲಯನ್ಸ್ ಕೊಟ್ಟ ಸಿಡಿಎಂಎ ಫೋನುಗಳು ಅದೇ ಕಂಪನಿಗೆ ಕಟ್ಟುಬಿದ್ದಿದ್ದವು. 2008ರಲ್ಲಿ ಮೊದಲ ಸಲ ಅಧಿಕೃತವಾಗಿ ಬಂದ ಐಫೋನ್ 3ಜಿ 31,000 ರೂಪಾಯಿ ಕೊಟ್ಟು ಕೊಂಡರೂ ಏರ್‌ಟೆಲ್ ಅಥವಾ ವೊಡಾಫೋನಿಗೆ ಲಾಕ್ ಆಗಿತ್ತು. 2017ರ ಜಿಯೊಫೋನ್, 1,500 ರೂಪಾಯಿ ಠೇವಣಿಯದ್ದು, ಬೇರೆ ಸಿಮ್ ಹಿಡಿಯಲ್ಲ. 2021ರಲ್ಲಿ 6,499ಕ್ಕೆ ಬಂದ ಜಿಯೊಫೋನ್ ನೆಕ್ಸ್ಟ್‌ನಲ್ಲಿ ಎರಡನೇ ಜಾಗಕ್ಕೆ ಬೇರೆ ಸಿಮ್ ಹಾಕಿ ಮಾತಾಡಬಹುದು, ಡೇಟಾ ಮಾತ್ರ ಜಿಯೊದಲ್ಲೇ. 2023ರ ಜಿಯೊ ಭಾರತ್ ಕೀಪ್ಯಾಡ್ ಫೋನ್, ಬಂದಾಗ 999 ರೂಪಾಯಿ, ಅದೂ ಜಿಯೊಗೇ ಮೀಸಲು.

ಏರ್‌ಟೆಲ್ ಕೂಡ 2023ರಲ್ಲಿ ಪೋಕೊ ಸಿ51ರ ಒಂದು ಆವೃತ್ತಿಯನ್ನ 5,999ಕ್ಕೆ ಮಾರಿತು. ಅದಕ್ಕೆ 18 ತಿಂಗಳು ಏರ್‌ಟೆಲ್ ಲಾಕ್. ಆಮೇಲೂ ಇಂಥ "ಏರ್‌ಟೆಲ್ ಎಕ್ಸ್‌ಕ್ಲೂಸಿವ್" ಆವೃತ್ತಿಗಳು ಬರ್ತಾ ಇವೆ. ಆನ್‌ಲೈನ್ ಅಂಗಡಿಯಲ್ಲಿ ಮಾಮೂಲಿ ಫೋನೂ ಇದೂ ಪಕ್ಕಪಕ್ಕ ಕೂತಿರುತ್ತವೆ, ಚಿತ್ರ ಒಂದೇ, ಬಣ್ಣ ಒಂದೇ, ಬೆಲೆಯಲ್ಲಿ ಮಾತ್ರ ಐನೂರೋ ಸಾವಿರವೋ ವ್ಯತ್ಯಾಸ. ಹೆಸರಿನ ಸಾಲಿನಲ್ಲಿ "ಲಾಕ್ಡ್ ವಿತ್ ಏರ್‌ಟೆಲ್ ಪ್ರಿಪೇಯ್ಡ್" ಅಂತ ಉದ್ದದ ಹೆಸರಿನ ಬಾಲಕ್ಕೆ ಸಣ್ಣಗೆ ಇರುತ್ತೆ, ಮೊಬೈಲ್ ಪರದೆಯಲ್ಲಿ ಆ ಬಾಲ ಕಾಣಿಸದೇ ಹೋಗಬಹುದು. ಹೆಸರನ್ನ ಒತ್ತಿ ಪೂರ್ತಿ ಓದಿ. ಮನೆಯಲ್ಲಿ ಎಲ್ಲರೂ ಏರ್‌ಟೆಲ್ ಇದ್ದು ಆ ಜಾಗದಲ್ಲಿ ಸಿಗ್ನಲ್ ಚೆನ್ನಾಗಿದ್ದರೆ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳಿ, ತಪ್ಪೇನಿಲ್ಲ. ಬಿಎಸ್‌ಎನ್‌ಎಲ್ ಒಂದೇ ಸಿಗುವ ತೋಟದ ಮನೆಗೆ ತಗೊಂಡರೆ ಒಂದೂವರೆ ವರ್ಷ ಅದು ಟಾರ್ಚು.

ಮೆಜೆಸ್ಟಿಕ್_ಮೊಬೈಲು

ಸೆಕೆಂಡ್ ಹ್ಯಾಂಡ್ ಐಫೋನ್ ಬಗ್ಗೆ ಹೇಳಿ ಸಾರ್ ಯಾರಾದ್ರೂ. ಗಾಂಧಿನಗರದ ಕಡೆ "ಚಿಪ್ ಅನ್‌ಲಾಕ್" ಅಂತ ಎರಡು ಮೂರು ಸಾವಿರ ಕಮ್ಮಿಗೆ ಕೊಡ್ತಾರೆ. ತಗೋಬಹುದಾ?

ತರಂಗ_ತಿಮ್ಮ

ತಗೋಬೇಡಿ. ಅದು ಅನ್‌ಲಾಕೇ ಅಲ್ಲ.

ಆ ಚಿಪ್ ಅಂದ್ರೆ ಕಾಗದದಷ್ಟು ತೆಳು ಇರುವ ಒಂದು ಪದರ. ಸಿಮ್‌ಗೂ ಫೋನಿಗೂ ನಡುವೆ ಕೂತಿರುತ್ತೆ. ನಿಮ್ಮ ಏರ್‌ಟೆಲ್ ಸಿಮ್ಮನ್ನ ಅಮೆರಿಕದ ಅಥವಾ ಜಪಾನಿನ ಯಾವುದೋ ಕಂಪನಿ ಸಿಮ್ ಅಂತ ಫೋನಿಗೆ ತೋರಿಸುತ್ತೆ, ಫೋನ್ ನಂಬಿ ಆಕ್ಟಿವೇಟ್ ಆಗುತ್ತೆ. ಒಳಗಿನ ಬೀಗ ಹಾಗೇ ಇದೆ. ಆಪಲ್ ತನ್ನ ಕಡೆಯಿಂದ ಆ ಸಂದು ಮುಚ್ಚಿದ ದಿನ, ಅಥವಾ ನೀವು ಅಪ್‌ಡೇಟ್ ಹಾಕಿದ ದಿನ, ರೀಸೆಟ್ ಮಾಡಿದ ದಿನ, ನೆಟ್‌ವರ್ಕ್ ಹೋಗುತ್ತೆ. ಮತ್ತೆ ಅಂಗಡಿ, ಮತ್ತೆ ಹೊಸ ಕೋಡ್, ಮತ್ತೆ ಇನ್ನೂರು ಮುನ್ನೂರು.

ಕಂಡುಹಿಡಿಯೋದು ಸುಲಭ. ಅಂಗಡಿಯವನ ಎದುರೇ ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆಗೆದು ಕೆಳಗೆ ಕ್ಯಾರಿಯರ್ ಲಾಕ್ ಅನ್ನೋ ಸಾಲು ನೋಡಿ. "ನೋ ಸಿಮ್ ರಿಸ್ಟ್ರಿಕ್ಷನ್ಸ್" ಅಂತ ಇರಬೇಕು. "ಸಿಮ್ ಲಾಕ್ಡ್" ಇದ್ದೂ ನೆಟ್‌ವರ್ಕ್ ತೋರಿಸ್ತಿದೆ ಅಂದ್ರೆ ಒಳಗೆ ಚಿಪ್ ಇದೆ. ಟ್ರೇ ಹೊರಗೆ ಎಳೆದು ಸಿಮ್ಮಿನ ಕೆಳಗೆ ಉಗುರು ಹಾಕಿ ನೋಡಿ, ಟ್ರೇ ಸರಿಯಾಗಿ ಒಳಗೆ ಕೂರದಿರೋದೂ ಒಂದು ಗುರುತು. ಬೇಕಿದ್ದರೆ ನಿಮ್ಮದೇ ಸಿಮ್ಮನ್ನ ಬರಿ ಟ್ರೇಗೆ ಹಾಕಿ ಒಂದು ಸಲ ಆಫ್ ಮಾಡಿ ಆನ್ ಮಾಡಿ.

ಅಲ್ಲೇ ಅಬೌಟ್‌ನಲ್ಲಿ ಮಾಡೆಲ್ ನಂಬರ್ ಇರುತ್ತೆ. ಮೊದಲ ಅಕ್ಷರ "ಎಂ" ಇದ್ದರೆ ಹೊಸದಾಗಿ ಮಾರಿದ್ದು, "ಎಫ್" ಇದ್ದರೆ ಆಪಲ್ ರಿಫರ್ಬಿಶ್ ಮಾಡಿದ್ದು, "ಎನ್" ಇದ್ದರೆ ಸರ್ವೀಸಿನಲ್ಲಿ ಬದಲಿ ಕೊಟ್ಟದ್ದು. ಕೊನೆಯ "/ಎ"ಗೆ ಮುಂಚಿನ ಅಕ್ಷರ ದೇಶಕ್ಕೆ: "ಎಚ್‌ಎನ್" ಇಂಡಿಯಾ, "ಎಲ್‌ಎಲ್" ಅಮೆರಿಕ, "ಜೆ" ಜಪಾನ್. ಎಲ್‌ಎಲ್, ಜೆ ಕಂಡರೆ ಲಾಕ್ ಸಾಲನ್ನ ಎರಡು ಸಲ ನೋಡಿ.

ಅಮೆರಿಕದ ಐಫೋನ್ 14 ಮತ್ತು ಆಮೇಲಿನವಕ್ಕೆ ಸಿಮ್ ಟ್ರೇಯೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಸಿಮ್) ಮಾತ್ರ. ಜಿಯೊ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ, *#06# ಒತ್ತಿದರೆ ಐಎಂಇಐ ಜೊತೆ ಇ-ಸಿಮ್‌ನ ಗುರುತಿನ ಸಂಖ್ಯೆ, 32 ಅಂಕಿಯ ಇಐಡಿಯೂ ಬರುತ್ತೆ, ಅದು ಬೇಕಾಗಬಹುದು. ಬದಲಾಯಿಸುವ ದಿನ ಬ್ಯಾಂಕ್ ಕೆಲಸ ಇಟ್ಟುಕೊಳ್ಳಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ಮೋಸ ತಡೆಯೋಕೆ ಅಂತ ಮಾಡಿರುವ ನಿಯಮ ಅದು. 2024ರ ಜುಲೈಯಿಂದ ಇನ್ನೊಂದು ಸೇರಿದೆ, ಸಿಮ್ ಬದಲಿಸಿದ 7 ದಿನದೊಳಗೆ ನಂಬರ್ ಪೋರ್ಟ್ ಮಾಡೋಕಾಗಲ್ಲ.

ಕೋಲಾರ_ಕ್ಲೌಡ್

ಅಮೆರಿಕದಲ್ಲಿ ಬ್ಲಾಕ್ ಆಗಿರೋ ಫೋನೂ ಇಲ್ಲಿ ಓಡುತ್ತೆ ಅಂತಾರಲ್ಲ? ಹಾಗಿದ್ರೆ ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋಬೇಕು?

ಜಯನಗರ_ಜಿಪಿಒ

ಬ್ಲಾಕ್ ಬೇರೆ, ಲಾಕ್ ಬೇರೆ. ಎರಡನ್ನೂ ಕಲಸಬೇಡಿ ಸ್ವಾಮಿ.

ಲಾಕ್ ಅಂದ್ರೆ ಫೋನ್ ಒಂದೇ ಕಂಪನಿಗೆ ಕಟ್ಟುಬಿದ್ದಿರೋದು. ಬ್ಲಾಕ್ ಅಂದ್ರೆ ಕಳವು, ಬಾಕಿ, ಇಂಥ ಕಾರಣಕ್ಕೆ ಐಎಂಇಐ ಕಪ್ಪುಪಟ್ಟಿಗೆ ಸೇರಿರೋದು. ಅಲ್ಲಿನ ಕಪ್ಪುಪಟ್ಟಿ ಇಲ್ಲಿನ ಟವರಿಗೆ ಗೊತ್ತಿಲ್ಲದಿರಬಹುದು, ಅದಕ್ಕೇ ಓಡುತ್ತೆ ಅನ್ನೋದು. ಆದರೆ ಕಪ್ಪುಪಟ್ಟಿಯಲ್ಲಿರುವ ಫೋನಿನ ಬೀಗವನ್ನ ಆ ಕಂಪನಿ ತೆಗೆದುಕೊಡಲ್ಲ, ಎರಡೂ ಇದ್ದರೆ ಅದು ಸತ್ತ ಹಾಗೇ. ಮತ್ತೆ ಅದು ಕಳವಿನದ್ದಾಗಿ, ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ನಿಮಗೂ ತಗುಲುತ್ತೆ.

ಇಲ್ಲಿನ ಕಪ್ಪುಪಟ್ಟಿ ನೋಡೋದು ಒಂದು ನಿಮಿಷದ ಕೆಲಸ. ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಬ್ಲ್ಯಾಕ್‌ಲಿಸ್ಟೆಡ್, ಡೂಪ್ಲಿಕೇಟ್, ಆಲ್‌ರೆಡಿ ಇನ್ ಯೂಸ್ ಈ ಮೂರರಲ್ಲಿ ಒಂದು ಬಂದರೂ ಕೈ ಬಿಡಿ. ಎರಡು ಸಿಮ್ ಫೋನಿಗೆ ಎರಡು ಐಎಂಇಐ, ಎರಡನ್ನೂ ಕಳಿಸಿ. ಡಬ್ಬ, ಬಿಲ್ಲು, *#06# ಮೂರರಲ್ಲೂ ಅಂಕಿ ಒಂದೇ ಇರಬೇಕು.

ಹುಬ್ಳಿ_ಹಾಟ್‌ಏರ್

ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ತಗೊಳ್ಳಾವ್ರಿಗೆ ಇದ್ರಾಗ ಇನ್ನ ಎರಡು ಲಾಕ್ ಸೇರಸ್ರಿ. ಒಂದು ಗೂಗಲ್ ಲಾಕ್, ಎಫ್‌ಆರ್‌ಪಿ ಅಂತಾರ. ಮಾರಾವ ತನ್ನ ಗೂಗಲ್ ಅಕೌಂಟ್ ತಗೀದ ರಿಕವರಿಯಿಂದ (ಬಟನ್ ಒತ್ತಿ ತಗಿಯೂ ಮೆನು) ರೀಸೆಟ್ ಹೊಡದಿದ್ರ ಹಳೇ ಅಕೌಂಟ್ ಪಾಸ್‌ವರ್ಡ್ ಕೇಳ್ತೈತಿ. ಇನ್ನೊಂದು ಇಎಂಐ ಲಾಕ್. ಕಂತಿನ ಮ್ಯಾಲೆ ತಗೊಂಡ ಫೋನಿಗೆ ಸಾಲಾ ಕೊಟ್ಟಾವ್ರು ಹಾಕಿರ್ತಾರ, ಸ್ಯಾಮ್‌ಸಂಗ್‌ನ್ಯಾಗ ಅದು ನಾಕ್ಸ್ ಗಾರ್ಡ್. ಕೊಡೂವಾಗ ಚೊಲೋ ನಡೀತಿರ್ತೈತಿ, ಹಿಂದಿನಾವ ಕಂತು ತಪ್ಪಿಸಿದ ಕೂಡ್ಲೆ ನಿಮ್ಮ ಕೈಯಾಗ ಬಂದ್ ಆಗ್ತೈತಿ. ಇದು ಸರ್ವರಿಂದ ಬರೂದ್ರಿಂದ ರೀಸೆಟ್ ಹೊಡದ್ರೂ ಮತ್ತ ಬರ್ತೈತಿ.

ರೊಕ್ಕಾ ಕೊಡೂಕಿಂತ ಮೊದ್ಲ ಹಿಂಗ ಮಾಡ್ರಿ. ಮಾರಾವನ ಕೈಲೆ ಅಕೌಂಟ್ ತಗಸ್ರಿ, ಸೆಟ್ಟಿಂಗ್ಸ್ ಒಳಗಿಂದನ ರೀಸೆಟ್ ಹೊಡಸ್ರಿ, ಆಮ್ಯಾಲೆ ನಿಮ್ಮ ಹಾಟ್‌ಸ್ಪಾಟಿಗೆ ಹಚ್ಚಿ ಮೊದ್ಲಿಂದ ಸೆಟಪ್ ಮಾಡ್ರಿ. ನೆಟ್ ಬ್ಯಾಡ, ಸ್ಕಿಪ್ ಹೊಡೀರಿ ಅಂದ್ರ ಸಂಶೇ ಪಡ್ರಿ. ನೆಟ್ ಸಿಕ್ಕ ಮ್ಯಾಲೇನ ಈ ಲಾಕ್ ಮಾರಿ ತೋರಸೂದು. ಬಿಲ್ಲಿನ್ಯಾಗ ಫೈನಾನ್ಸ್ ಕಂಪನಿ ಹೆಸ್ರು ಇದ್ರ ಸಾಲಾ ತೀರಿದ ಪತ್ರ, ಎನ್‌ಒಸಿ, ಕೇಳ್ರಿ.

ತುಮಕೂರು_ಟು_ಟೆಂಪಿ

ಉಲ್ಟಾ ಪ್ರಶ್ನೆ. ಆಗಸ್ಟಿಗೆ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋಗೋ ತಂಗಿಗೆ ಇಲ್ಲೇ 15 ಸಾವಿರದ ಫೋನ್ ಕೊಡಿಸಿ ಕಳಿಸಿದ್ರೆ ಅಲ್ಲಿ ನಡೆಯುತ್ತಾ?

ಡಲ್ಲಾಸ್_ದೋಸೆ

ಲಾಕ್ ತೊಂದರೆ ಇಲ್ಲ, ಬೇರೆ ತೊಂದರೆ ಇದೆ. ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದ ಮೇಲೆ ತನ್ನ ಪಟ್ಟಿಯಲ್ಲಿರುವ ಫೋನನ್ನಷ್ಟೇ ಬಿಟ್ಟುಕೊಳ್ಳೋದು. ರೆಡ್ಮಿ, ರಿಯಲ್ಮಿ, ವಿವೊ ಅಂಥವು ಆ ಪಟ್ಟಿಯಲ್ಲಿ ಸಿಗಲ್ಲ. ವೆರೈಝನ್ ಕೂಡ ಸಿಮ್ ಕೊಡುವ ಮುಂಚೆ ಐಎಂಇಐ ನೋಡುತ್ತೆ. ಟಿ-ಮೊಬೈಲ್ ಮತ್ತು ಅದರ ಮೇಲೆ ಓಡುವ ಸಣ್ಣ ಕಂಪನಿಗಳು ಸ್ವಲ್ಪ ಸಡಿಲ, ಆದರೆ ಫೋನಿನಲ್ಲಿ ಬ್ಯಾಂಡ್ 2, 4 ಅಥವಾ 66, 12 ಇರಲೇಬೇಕು. 71 ಇದ್ದರೆ ಹಳ್ಳಿ ಕಡೆ, ಕಟ್ಟಡದೊಳಗೆ ಅನುಕೂಲ. ಇಲ್ಲಿ ಮಾರುವ ಕಡಿಮೆ ಬೆಲೆಯ ಫೋನುಗಳಲ್ಲಿ 71 ಇರೋದು ಅಪರೂಪ.

ಹೊಸ ಫೋನ್ ಬೇಡ, ಇರೋ ಫೋನಲ್ಲೇ ಹೋಗಲಿ. ಅಲ್ಲಿ ಕಾಲೇಜು ಶುರುವಾದ ಮೇಲೆ ಬೀಗ ಇಲ್ಲದ್ದು ಕೊಳ್ಳಲಿ. ಇಲ್ಲಿನ ನಂಬರಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಹೊರಡುವ ಮುಂಚೆಯೇ ಚಾಲೂ ಮಾಡಿಸಿ, ಬ್ಯಾಂಕ್ ಓಟಿಪಿಗೆ ಬೇಕು.

ಚಿಕ್ಕಮಗಳೂರು_ಫಿಲ್ಟರ್

ನೆಂಟರಿಗೆ ಬೇಡ ಅಂದೆ. ಎರಡು ಸಿಮ್ ಜಾಗ, ಬ್ಯಾಂಡ್ 28, ಲಾಕ್ ಇಲ್ಲದ್ದು, ಒಂಬತ್ತು ಸಾವಿರದೊಳಗೆ ಇಲ್ಲೇ ನೋಡ್ತಿದ್ದೀವಿ. ಇನ್ನೇನಾದ್ರೂ ಗಮನಿಸಬೇಕಾ?

ತರಂಗ_ತಿಮ್ಮ

ಆ ಬೆಲೆಗೆ ಕ್ಯಾಮೆರಾ ಮೆಗಾಪಿಕ್ಸೆಲ್ ನೋಡಬೇಡಿ. ರ‍್ಯಾಮ್ ನಿಜವಾದದ್ದು 4 ಜಿಬಿ ಇರಲಿ. "8 ಜಿಬಿ" ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕಿದ್ದರೆ ಅದರಲ್ಲಿ ಅರ್ಧ ಸ್ಟೋರೇಜಿನಿಂದ ಕಡ ತಂದದ್ದು, ಲೆಕ್ಕಕ್ಕೆ ಬೇಡ. ಸ್ಟೋರೇಜ್ 64ಕ್ಕಿಂತ 128 ವಾಸಿ, ವಾಟ್ಸಾಪ್ ಗ್ರೂಪಿನ ಶುಭೋದಯದ ಚಿತ್ರಗಳೇ ವರ್ಷದಲ್ಲಿ ಜಾಗ ತಿಂದುಹಾಕುತ್ತವೆ. 5ಜಿ ಬೇಕೇ ಬೇಕು ಅಂತ ಹಟ ಬೇಡ. ನಿಮ್ಮ ಊರಲ್ಲಿ ಟವರ್ ಬಂದಿದ್ದರೆ ಮಾತ್ರ ನೋಡಿ, ಆಗ 5ಜಿ ಬ್ಯಾಂಡ್ ಎನ್28 ಮತ್ತು ಎನ್78 ಎರಡೂ ಇರಲಿ, ಜಿಯೊ ಓಡೋದು ಅವುಗಳ ಮೇಲೆ.

ಬಿಎಸ್‌ಎನ್‌ಎಲ್ ಸಿಮ್ ಹಳೇ 3ಜಿ ಕಾಲದ್ದಾದರೆ ಫೋನ್ ಬರುವ ಮುಂಚೆಯೇ ಕಚೇರಿಗೆ ಆಧಾರ್ ತಗೊಂಡು ಹೋಗಿ 4ಜಿ ಸಿಮ್ಮಿಗೆ ಬದಲಾಯಿಸಿಕೊಳ್ಳಿ, ಅಪ್ಪನವರೇ ಹೋಗಬೇಕಾಗುತ್ತೆ. ಹಳೇ ಸಿಮ್ ಇಟ್ಟುಕೊಂಡು ಹೊಸ ಫೋನಿನಲ್ಲಿ 4ಜಿ ಬರ್ತಿಲ್ಲ ಅಂತ ಫೋನನ್ನ ಬೈಯುವವರು ಬಹಳ. ವೋಲ್ಟಿ ಕೂಡ ಅವತ್ತೇ ಕೌಂಟರಿನಲ್ಲಿ ಚಾಲೂ ಮಾಡಿಸಿ. ಫೋನ್‌ಪೇಗೆ ಕೊಟ್ಟಿರೋದು ಅದೇ ನಂಬರ್ ಆದರೆ, ಮೇಲೆ ಹೇಳಿದ 24 ಗಂಟೆಯ ಎಸ್ಸೆಮ್ಮೆಸ್ ತಡೆ ಅದಕ್ಕೂ ಇದೆ, ನೋಂದಣಿಯನ್ನ ಮಾರನೇ ದಿನ ಮಾಡಿ.

ಚಿಕ್ಕಮಗಳೂರು_ಫಿಲ್ಟರ್

ಅದೇ ನಂಬರ್ ಸರ್. ಸೋಮವಾರ ಸಿಮ್ ಬದಲಾಯಿಸಿ, ಫೋನ್‌ಪೇ ಬುಧವಾರಕ್ಕೆ ಇಟ್ಕೋತೀವಿ.